ಗಡಿಯಾರದ ಊರಿಗೆ ಮರಳಿದ ರೀಲು

ಮೊರುಮ್ ನಿಲ್ದಾಣದಲ್ಲಿ ಇಳಿದು, ಹೆಗಲಚೀಲ ಸರಿಮಾಡಿಕೊಂಡು ನಡೆಯುತ್ತೇನೆ. ಹೊಳೆ ಮೊದಲು ಕಿವಿಗೆ ಸಿಗುತ್ತದೆ, ಆಮೇಲೆ ಕಣ್ಣಿಗೆ. ಇದು ಸ್ವೀಡನ್ನಿನ ದಕ್ಷಿಣದ ಅಂಚು, ಬ್ಲೇಕಿಂಗೆ ಸೀಮೆ. ಮೇ ತಿಂಗಳು. ಬೀಚ್ ಮರಗಳು ಈಗಷ್ಟೇ ಚಿಗುರಿವೆ. ಅವುಗಳ ಎಲೆಗಳಿಂದ ಸೋಸಿ ಬರುವ ಬಿಸಿಲಿಗೂ ಎಳೆ ಹಸಿರು ಅಂಟಿಕೊಂಡಿದೆ. ಕೆಳಗೆ ತಿಳಿ ಡಿಕಾಕ್ಷನ್ ಬಣ್ಣದ ನೀರು. ಬಂಡೆಗಳ ಮೇಲೆ ಉರುಳಿ, ನೊರೆ ಕಟ್ಟಿ, ಮಡುವಿನಲ್ಲಿ ಒಂದು ಸುತ್ತು ಹಾಕಿ ಸಮುದ್ರದ ಕಡೆ ಓಡುತ್ತದೆ. ಬಾಲ್ಟಿಕ್ ಸಮುದ್ರದಿಂದ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಹತ್ತಿ ಬರುವುದು ಇದೇ ಹೊಳೆಯಲ್ಲಿ. ಸೊಂಟಮಟ್ಟದ ನೀರಿನಲ್ಲಿ ನಿಂತ ಮಹಿಳೆಯೊಬ್ಬರು ಗಾಳದ ಕೋಲು ಬೀಸುತ್ತಾರೆ. ದಾರ ಬೆಳಕಿನಲ್ಲೊಮ್ಮೆ ಮಿಂಚಿ, ಸದ್ದಿಲ್ಲದೆ ನೀರಿಗಿಳಿಯುತ್ತದೆ.

ನನ್ನ ಚೀಲದಲ್ಲೂ ಗಾಳದ ದಾರ ಸುತ್ತುವ ಒಂದು ರೀಲು ಇದೆ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ್ದು. ಮುತ್ತತ್ತಿ ಕಡೆಯ ನಮ್ಮ ದೊಡ್ಡಪ್ಪ ಕಾವೇರಿಯಲ್ಲಿ ತೆಪ್ಪ ಹಾಕುತ್ತಿದ್ದವರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೂವರು ಯುವಕರು ನಮ್ಮ ಬಿಳಿಮೀನನ್ನು, ಅಂದರೆ ಮಹಶೀರನ್ನು, ಹುಡುಕಿಕೊಂಡು ಬಂದರು. ಅವರ ಹಿಂದೆಯೇ ಹೊರದೇಶದ ಗಾಳಗಾರರು ಕಾವೇರಿ ದಡದ ಭೀಮೇಶ್ವರಿಯ ಹಾದಿ ಹಿಡಿದರು. ದೊಡ್ಡಪ್ಪ ಅವರಿಗೆ ಮಡು ತೋರಿಸುತ್ತಿದ್ದರು, ರಾಗಿ ಹಿಟ್ಟು ಬೇಯಿಸಿ ಉಂಡೆ ಕಟ್ಟಿ ಗಾಳಕ್ಕೆ ಮೆತ್ತಿಕೊಡುತ್ತಿದ್ದರು. ಹಾಗೆ ಬಂದವರೊಬ್ಬರು ಊರಿಗೆ ಹೊರಡುವಾಗ ಕೈಗಿಟ್ಟು ಹೋದ ಕೆಂಪು ರೀಲು ಇದು. ಈಗ ಅಲ್ಲಿನ ವನ್ಯಧಾಮದಲ್ಲಿ ಗಾಳ ಹಾಕುವಂತಿಲ್ಲ. ಬೆನ್ನು ಉಬ್ಬಿದ ಆ ದೊಡ್ಡ ಮೀನು 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು. ರೀಲು ದೊಡ್ಡಪ್ಪನ ಟ್ರಂಕಿನಲ್ಲಿ ಉಳಿಯಿತು. ಅದರ ಮೇಲಿದ್ದ ‘ಸ್ವೆಂಗ್‌ಸ್ಟಾ’ ಎಂಬ ಊರಿನ ಹೆಸರನ್ನು ನಾನು ಚಿಕ್ಕಂದಿನಿಂದ ಬೆರಳಿನಲ್ಲಿ ಸವರುತ್ತಾ ಬೆಳೆದವನು.

ಆ ಊರಿಗೆ ಈಗ ಬಸ್ಸು ಹೋಗುತ್ತಿದೆ. ಹೊಳೆ ಒಮ್ಮೆ ಮರಗಳ ಸಂದಿಯಲ್ಲಿ ಇಣುಕುತ್ತದೆ, ಒಮ್ಮೆ ಹೊಲದಾಚೆ ಮರೆಯಾಗುತ್ತದೆ. ಸ್ವೆಂಗ್‌ಸ್ಟಾ ಬಂತೆಂದು ಚಾಲಕರು ಹೇಳಿದಾಗ ಕಣ್ಣರಳಿಸಿ ನೋಡುತ್ತೇನೆ. ಬಿಳಿ ಕಿಟಕಿಗಳ ಕೆಂಪು ಮರದ ಮನೆಗಳು, ಒಂದು ಸೇತುವೆ, ಸೇತುವೆಯ ಕೆಳಗೆ ಅದೇ ಕಂದು ನೀರಿನ ಮೊರೆತ. ಹೆಚ್ಚೂಕಡಿಮೆ ಎರಡು ಸಾವಿರ ಜನರ ಊರು, ನಮ್ಮ ಕಡೆಯ ಒಂದು ಹೋಬಳಿ ಊರಿನಷ್ಟು. ಇಷ್ಟು ಪುಟ್ಟ ಜಾಗದಿಂದ ಹೊರಟ ವಸ್ತು ಕಾವೇರಿಯ ದಡದವರೆಗೆ ಬಂದಿತ್ತಲ್ಲ!

ರೀಲುಗಳ ಸಂಗ್ರಹಾಲಯದಲ್ಲಿ ನನ್ನನ್ನು ಎದುರುಗೊಳ್ಳುವ ಹಿರಿಯರು ತಾರುಣ್ಯವನ್ನೆಲ್ಲ ಕಾರ್ಖಾನೆಯ ಬೆಂಚಿನ ಮುಂದೆ ಕಳೆದವರು. ಎತ್ತರದ ಆಳು, ಬೆರಳುಗಳು ಮಾತ್ರ ವೀಣೆ ನುಡಿಸುವವರ ಹಾಗೆ ಸಪೂರ. ‘ರೀಲಿನಿಂದ ಶುರುಮಾಡಬೇಡಿ, ಗಡಿಯಾರದಿಂದ ಶುರುಮಾಡಿ’ ಎನ್ನುತ್ತಾರೆ. ಹೊರದೇಶಗಳಲ್ಲಿ ಗಡಿಯಾರದ ಕೆಲಸ ಕಲಿತು ಬಂದ ಹೆನ್ನಿಂಗ್ ಹಾಮರ್‌ಲುಂಡ್ ಎಂಬವರು 1887ರಲ್ಲಿ ಈ ಊರಿನಲ್ಲಿ ಜೇಬು ಗಡಿಯಾರದ ಕಾರ್ಖಾನೆ ತೆರೆದರಂತೆ. ಆಮೇಲೆ ಬೆರಳಚ್ಚು ಯಂತ್ರಗಳನ್ನೂ ಮಾಡಿದರು. ಹೆಸರು ಹಾಲ್ಡಾ.

ಹಾಲ್ಡಾ! ಆ ಎರಡು ಅಕ್ಷರಗಳ ಸದ್ದಿಗೆ ನಾನು ನಿಂತಲ್ಲೇ ನಿಲ್ಲುತ್ತೇನೆ. ಮಂಡ್ಯದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಮ್ಮಮ್ಮ ಜೂನಿಯರ್, ಸೀನಿಯರ್ ಎರಡೂ ಪಾಸು ಮಾಡಿದ್ದು ಹಾಲ್ಡಾ ಯಂತ್ರದ ಮೇಲೆ. ಮದರಾಸಿನಲ್ಲಿ ತಯಾರಾಗಿ ದಕ್ಷಿಣದ ಎಷ್ಟೋ ಕಚೇರಿ, ಕೋರ್ಟುಗಳಲ್ಲಿ ಟಕಟಕ ಎನ್ನುತ್ತಿದ್ದ ಆ ಯಂತ್ರದ ಬೇರು ಈ ಹೊಳೆಯ ದಂಡೆಯಲ್ಲಿದೆ. ಹಾಗಾದರೆ ಅಮ್ಮನ ಬೆರಳಿಗೆ ಅನ್ನ ಕೊಟ್ಟದ್ದೂ ದೊಡ್ಡಪ್ಪನ ಕೈಯಲ್ಲಿ ತಿರುಗಿದ್ದೂ ಒಂದೇ ಊರಿನ ಕಸುಬು! ಹಿರಿಯರಿಗೆ ಇದನ್ನು ಹೇಳುತ್ತೇನೆ. ಅವರು ಸೇತುವೆಯ ಕಡೆಗೊಮ್ಮೆ ನೋಡಿ, ಗಾಳಿಯಲ್ಲಿ ಹತ್ತೂ ಬೆರಳಿಂದ ಟೈಪು ಮಾಡಿ ತೋರಿಸುತ್ತಾರೆ.

ಮುಂದಿನ ಕೋಣೆಗೆ ನಾವು ನಡೆದಂತೆ ಕಥೆಯೂ ಮುಂದೆ ನಡೆಯುತ್ತದೆ. ಹಾಲ್ಡಾದಲ್ಲಿ ಕೈ ಪಳಗಿಸಿಕೊಂಡ ಕಾರ್ಲ್ ಆಗಸ್ಟ್ ಬೋರ್ಗ್‌ಸ್ಟ್ರೋಮ್ 1921ರಲ್ಲಿ ತಮ್ಮದೇ ಕಂಪನಿ ಕಟ್ಟಿದರು. ಹೆಸರು ‘ಎ.ಬಿ. ಊರ್‌ಫಾಬ್ರಿಕೆನ್’, ಅಂದರೆ ಗಡಿಯಾರ ಕಾರ್ಖಾನೆ ಕಂಪನಿ. ಅದರ ಮೊದಲಕ್ಷರಗಳೇ ಸೇರಿ ಜಗತ್ತಿನ ಗಾಳಗಾರರೆಲ್ಲ ಬಲ್ಲ ‘ಆಬು’ ಆಯಿತು. ಗಡಿಯಾರದ ಜೊತೆಗೆ ಟ್ಯಾಕ್ಸಿ ಮೀಟರುಗಳು ಬಂದವು. ಮೀಟರು ಎಂದರೂ ಗಡಿಯಾರದ ದಾಯಾದಿಯೇ: ಚಕ್ರ ತಿರುಗಿದಷ್ಟೂ ಹಲ್ಲು ಹಲ್ಲನ್ನು ತಳ್ಳಿ ಲೆಕ್ಕ ಏರುತ್ತದೆ. ಅಷ್ಟರಲ್ಲಿ ಎರಡನೆಯ ಮಹಾಯುದ್ಧ. ಸ್ವೀಡನ್ ಯುದ್ಧದಲ್ಲಿ ಇರಲಿಲ್ಲ, ಆದರೆ ಪೆಟ್ರೋಲು ಬತ್ತಿತು. ಉಳಿದ ಕಾರುಗಳು ಸೌದೆಯ ಅನಿಲದಲ್ಲಿ ಓಡತೊಡಗಿದವು. ಟ್ಯಾಕ್ಸಿಯೇ ಓಡದಿದ್ದರೆ ಮೀಟರು ಯಾರಿಗೆ ಬೇಕು? ಬೆಂಚುಗಳ ಮುಂದೆ ನುರಿತ ಕೈಗಳು, ಕಿಟಕಿಯಾಚೆ ಸಾಲ್ಮನ್ ಹೊಳೆ. ಮಗ ಯೋಟೆ ಬೋರ್ಗ್‌ಸ್ಟ್ರೋಮ್ ಆ ಎರಡನ್ನೂ ಜೋಡಿಸಿದರು. 1941ರಲ್ಲಿ ‘ರೆಕಾರ್ಡ್’ ಎಂಬ ಹೆಸರಿನ ಮೊದಲ ರೀಲುಗಳು ಹೊರಬಂದವು.

ಗಾಜಿನ ಹಿಂದೆ ‘ರೆಕಾರ್ಡ್’ ಇದೆ. ಮುಖ ಹತ್ತಿರ ತಂದರೆ ನನ್ನ ಉಸಿರಿಗೆ ಗಾಜು ಮಬ್ಬಾಗುತ್ತದೆ. ತಾತನ ಜೇಬು ಗಡಿಯಾರದ ಮುಚ್ಚಳದಷ್ಟೇ ನುಣುಪು, ಅಷ್ಟೇ ಮಿರುಗು. ಅದರ ಪಕ್ಕದಲ್ಲಿ ಎಲ್ಲರ ಕಣ್ಣು ಸೆಳೆಯುವ ಕೆಂಪು: 1952ರಲ್ಲಿ ಬಂದ ‘ಅಂಬಾಸಡರ್ 5000’. ಎರಡು ವರ್ಷದಲ್ಲಿ ಅದು ನ್ಯೂಯಾರ್ಕಿನ ಪ್ರದರ್ಶನಕ್ಕೂ ಹೋಗಿ ಅಮೆರಿಕದ ಮನಸ್ಸು ಗೆದ್ದಿತು. ಅಲ್ಯೂಮಿನಿಯಮ್ಮಿಗೆ ಕೂಡಿಸಿದ ಆ ಬಣ್ಣ ಮಾಗಿದ ದಾಳಿಂಬೆಯದು, ಒಳಗಿನಿಂದಲೇ ಹೊಳೆಯುವಂಥದ್ದು.

‘ನಿಮ್ಮದನ್ನು ಕೊಡಿ’ ಎನ್ನುತ್ತಾರೆ ಹಿರಿಯರು. ಪಂಚೆ ಬಿಚ್ಚುತ್ತೇನೆ. ಅಂಬಾಸಡರ್ 7000, ದೊಡ್ಡ ಮೀನಿಗಾಗಿ ಮಾಡಿದ ಅಣ್ಣ. ಅವರು ಮೊದಲು ನೋಡುವುದು ಹೊಳಪನ್ನಲ್ಲ, ಬುಡವನ್ನು. ಕೋಲಿಗೆ ಕೂರುವ ಪಟ್ಟಿಯ ಅಡಿಯಲ್ಲಿ ಆರು ಅಂಕಿಗಳಿವೆ: 75 04 00. ಮೊದಲೆರಡು ವರ್ಷ, ನಡುವಿನವು ತಿಂಗಳು, ಕೊನೆಯವು ಆ ಮಾದರಿಯಲ್ಲಿ ಎಷ್ಟನೆಯ ತಿದ್ದುಪಡಿ ಎಂಬುದು. 1975ರ ಏಪ್ರಿಲ್. ನಲವತ್ತು ವರ್ಷ ಕಣ್ಣೆದುರಿಗಿದ್ದ ಜಾತಕ ನನಗೆ ಓದಲು ಬಂದಿರಲಿಲ್ಲ. ಅಂಕಿ ಹಾಕುವ ಪದ್ಧತಿಗಿಂತ ಹಳೆಯ ರೀಲುಗಳನ್ನು ಸಂಗ್ರಾಹಕರು ಬೇರೆ ಗುರುತಿನಿಂದ ಓದುತ್ತಾರೆ: ಪಕ್ಕದ ತಟ್ಟೆಗೆ ಸ್ಕ್ರೂ ಮೂರೋ ನಾಲ್ಕೋ, ಹಿಡಿಕೆಯ ಗುಂಡು ಯಾವ ಆಕಾರದ್ದು, ಲಾಂಛನ ಹೇಗಿದೆ. ಜೊತೆಗೆ ಬರುತ್ತಿದ್ದ ಚರ್ಮದ ಪೆಟ್ಟಿಗೆ, ಪುಟ್ಟ ಸ್ಪ್ಯಾನರು, ಎಣ್ಣೆಯ ಕೊಳವೆ, ವರ್ಷವರ್ಷವೂ ಹೊರಡುತ್ತಿದ್ದ ಕ್ಯಾಟಲಾಗು, ಒಂದನ್ನೂ ಬಿಡುವುದಿಲ್ಲ. ಒಂದು ಸ್ಕ್ರೂ ಕಡಿಮೆಯಾದ ಹಿಂದೆ ಯಾರದೋ ಯೋಚನೆ, ಯಾರದೋ ಒಂದು ವಾರದ ಕೆಲಸ ಇರುತ್ತದೆ. ಅದು ಕಾಗದದಲ್ಲಿ ಉಳಿಯದಿದ್ದರೂ ಲೋಹದಲ್ಲಿ ಉಳಿದಿರುತ್ತದೆ.

ಸ್ಕ್ರೂ ಬಿಚ್ಚಿ ತಟ್ಟೆ ಎತ್ತುತ್ತಾರೆ. ದಾರ ಸುತ್ತುವ ಉರುಳೆಯ ಅಚ್ಚಿನಲ್ಲಿ ಎರಡು ಪುಟ್ಟ ತುಂಡುಗಳು, ಹೆಸರುಕಾಳಿಗಿಂತ ತುಸು ದೊಡ್ಡವು. ಗಾಳ ಬೀಸಿದಾಗ ಉರುಳೆ ವೇಗವಾಗಿ ತಿರುಗುತ್ತದೆ. ಕಲ್ಲು ಕಟ್ಟಿದ ಗಾಳ ನಿಧಾನವಾದರೂ ಉರುಳೆ ನಿಲ್ಲದಿದ್ದರೆ ದಾರ ಉಕ್ಕಿ ಹಕ್ಕಿಗೂಡಿನಂತೆ ಸಿಕ್ಕಾಗುತ್ತದೆ. ಆ ವೇಗವೇ ಈ ತುಂಡುಗಳನ್ನು ಹೊರಕ್ಕೆ ತಳ್ಳಿ ಸುತ್ತಲಿನ ಬಳೆಗೆ ಉಜ್ಜಿಸುತ್ತದೆ. ವೇಗ ಹೆಚ್ಚಿದಷ್ಟೂ ಉಜ್ಜು ಹೆಚ್ಚು, ತಗ್ಗಿದರೆ ಉಜ್ಜೂ ತಗ್ಗು. ಮುಂಭಾಗದಲ್ಲಿ ಎರಡು ಕಡೆಗೂ ಹೆಣೆದುಕೊಂಡ ತೋಡುಗಳ ಸಲಾಕೆ. ಹಿಡಿಕೆ ತಿರುಗಿಸಿದರೆ ದಾರದ ಕಣ್ಣು ಮಗ್ಗದ ಲಾಳಿಯ ಹಾಗೆ ಆ ಕೊನೆಯಿಂದ ಈ ಕೊನೆಗೆ ಓಡಾಡಿ ದಾರವನ್ನು ಒಪ್ಪವಾಗಿ ಹಾಸುತ್ತದೆ. ಹಿರಿಯರು ಉರುಳೆಯನ್ನು ಕಿವಿಯ ಬಳಿ ಹಿಡಿದು ಒಮ್ಮೆ ಚಿಮ್ಮುತ್ತಾರೆ. ಸರ್ರನೆ ತಿರುಗುವ ಆ ಸದ್ದು ಕೇಳುತ್ತಾ ಕೇಳುತ್ತಾ ತೆಳುವಾಗುತ್ತದೆ, ಆದರೆ ಎಷ್ಟು ಹೊತ್ತಾದರೂ ನಿಲ್ಲುವುದಿಲ್ಲ. ಕಣ್ಣು ಮುಚ್ಚಿ ಕೇಳುವ ಅವರ ಮುಖ ನೋಡಿದರೆ ಗೊತ್ತಾಗುತ್ತದೆ, ಇದನ್ನು ಮಾಡಿದವರು ಗಡಿಯಾರದವರೇ.

ಹಲ್ಲುಚಕ್ರದ ಬುಡದಲ್ಲಿ ಗಟ್ಟಿಯಾದ ಹಳೇ ಗ್ರೀಸು. ಅದನ್ನು ಕಡ್ಡಿಯ ತುದಿಯಿಂದ ಎಬ್ಬಿಸುವಾಗ ಏನೋ ಮಿನುಗುತ್ತದೆ. ಭೂತಗಾಜು ತರುತ್ತಾರೆ. ಮರಳು. ಐದಾರು ಕಾಳು, ಒಂದೆರಡರಲ್ಲಿ ಕಾಗೆಬಂಗಾರದ ಹೊಳಪು. ಬಿಸಿಲಿಗೆ ಕಾದ ಮುತ್ತತ್ತಿಯ ದಡ, ಮತ್ತಿಮರದ ನೆರಳು, ತೆಪ್ಪದ ಅಂಚಿನಲ್ಲಿ ಕೂತು ರಾಗಿ ಉಂಡೆ ಕಟ್ಟುವ ದೊಡ್ಡಪ್ಪ, ಎಲ್ಲ ಆ ಭೂತಗಾಜಿನಡಿ ಬಂದು ನಿಲ್ಲುತ್ತವೆ. ಒರೆಸಿ ಬಿಸಾಡುತ್ತಾರೆಂದು ಕಾಯುತ್ತೇನೆ. ಅವರು ಬಿಳಿ ಕಾಗದ ಮಡಚಿ, ಮರಳನ್ನು ಅದರೊಳಗೆ ಉದುರಿಸಿ ಪೊಟ್ಟಣ ಕಟ್ಟುತ್ತಾರೆ. ‘ಈ ರೀಲು ಹುಟ್ಟಿದ ತಿಂಗಳು ನಮಗೆ ಗೊತ್ತು. ಎಲ್ಲಿ ದುಡಿಯಿತು ಎಂಬುದನ್ನು ನೀವು ಬರೆಯಬೇಕು’ ಎಂದು ಪೆನ್ನು ಮುಂದೆ ಇಡುತ್ತಾರೆ. ಹೊಳಪು ಬರಲೆಂದು ಇದನ್ನು ಎಂದೂ ತಿಕ್ಕಬೇಡಿ, ಹೆಬ್ಬೆರಳು ಸವೆಸಿದ ಜಾಗ ಹಾಗೇ ಇರಲಿ ಎಂಬ ಮಾತೂ ಬರುತ್ತದೆ.

ದೊಡ್ಡಪ್ಪನ ಹೆಸರು, ಊರು, ಹೊಳೆ, ಮಡು, ಮೀನು, ಗಾಳಕ್ಕೆ ಮೆತ್ತುತ್ತಿದ್ದ ಹಿಟ್ಟು ಎಲ್ಲವನ್ನೂ ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲಿಷಿನಲ್ಲೂ ಬರೆಯುತ್ತೇನೆ. ರೀಲನ್ನು ಇಲ್ಲೇ ಬಿಡುತ್ತೇನೆಂದು ನಾನಾಗಿಯೇ ಹೇಳುತ್ತೇನೆ. ಪೊಟ್ಟಣದಿಂದ ಎರಡು ಕಾಳು ಮರಳನ್ನು ಅವರು ಇನ್ನೊಂದು ಚೂರು ಕಾಗದಕ್ಕೆ ಹಾಕಿ ನನ್ನ ಅಂಗೈಗೆ ಇಡುತ್ತಾರೆ.

ಹೊರಗೆ ಸಂಜೆ ಎಂಟಾದರೂ ಬೆಳಕು ಹಾಗೇ ಇದೆ. ಸೇತುವೆಯ ಕಂಬಿಗೆ ಒರಗಿ ನಿಲ್ಲುತ್ತೇನೆ. ಪಂಚೆಯ ತುಂಡು ಚೀಲದಲ್ಲಿ ಹಗುರಾಗಿದೆ. ಕೆಳಗೆ ಕಂದು ನೀರಿನಲ್ಲಿ ಏನೋ ಒಮ್ಮೆ ಮೇಲೆದ್ದು, ಬೆಳ್ಳಿಯ ಪಕ್ಕೆ ತೋರಿಸಿ, ಮೇಲಿನ ಮಡುವಿನ ಕಡೆಗೆ ಈಜುತ್ತದೆ.