ಹೊರಗಿನವರು, ಒಳಗಿನವರು

ಬೇಸಿಗೆಯಲ್ಲಿ ನಮ್ಮ ರಾರಾವಿಯ ಕಡೆ ಕಾಲುವೆ ಹೂಳು ತೆಗೆಯಲು ಜೆಸಿಬಿ ಬಂತೆಂದರೆ ನನ್ನ ಮೊಮ್ಮಗನಿಗೆ ಊಟವೂ ಬೇಡ. ಈ ಸಲ ಅವನದೊಂದು ಪ್ರಶ್ನೆ: "ತಾತಾ, ಬಾಹ್ಯಾಕಾಶ ನಿಲ್ದಾಣಕ್ಕೂ ಇಂಥದ್ದೇ ಕೈ ಐತಂತೆ. ಅದು ಎಷ್ಟು ಚೀಲ ಭತ್ತ ಎತ್ತುತ್ತೈತೆ?"

ಆ ಕೈಯ ಹೆಸರು ಕೆನಡಾರ್ಮ್-2. ಕೆನಡಾ ದೇಶ ಮಾಡಿಕೊಟ್ಟದ್ದು, 2001ರಿಂದ ದುಡಿಯುತ್ತಿದೆ. ಉದ್ದ 17 ಮೀಟರಿಗೂ ಹೆಚ್ಚು, ಕೀಲುಗಳು ಏಳು. ಎರಡೂ ತುದಿಗಳು ಹಿಡಿಯಬಲ್ಲವು. ಒಂದು ತುದಿ ಊರಿ, ಇನ್ನೊಂದನ್ನು ಮುಂದಿಟ್ಟು, ನಮ್ಮ ಹೊಲದ ಕೊಂಡಲಿ ಹುಳುವಿನಂತೆ ನಿಲ್ದಾಣದ ಮೇಲೆ ನಡೆಯುತ್ತದೆ.

ಅಲ್ಲಿ ಚೀಲ ಭಾರವೆನಿಸುವುದಿಲ್ಲ. ಆದರೆ ಹೊರಟದ್ದನ್ನು ನಿಲ್ಲಿಸುವುದು ಕಷ್ಟ. ತುಂಬಿದ ಬಂಡಿ ಇಳಿಜಾರಿಗೆ ಬಿದ್ದರೆ ಎತ್ತುಗಳು ಪಡುವ ಪಾಡು ಹಿರಿಯರಿಗೆ ಗೊತ್ತಲ್ಲ! ಅದಕ್ಕೇ ಆ ಕೈ ಅವಸರ ಮಾಡುವುದಿಲ್ಲ.

2007ರಲ್ಲಿ ನಿಲ್ದಾಣದ ಸೌರಫಲಕವೊಂದು ಬಿಚ್ಚುವಾಗ ಹರಿಯಿತು. ಕೆನಡಾರ್ಮ್ ಅಲ್ಲಿಗೆ ಎಟುಕದು. ಅದಕ್ಕೆ ಉದ್ದದ ತೋಳೊಂದನ್ನು ಸೇರಿಸಿದರು. ನವೆಂಬರ್ 3ರಂದು ಸ್ಕಾಟ್ ಪರಾಜಿನ್ಸ್ಕಿ ಎಂಬ ವೈದ್ಯ-ಗಗನಯಾತ್ರಿ ಅದರ ತುದಿಯಲ್ಲಿ ಪಾದ ಸಿಕ್ಕಿಸಿ ನಿಂತರು. ಫಲಕದಲ್ಲಿ ವಿದ್ಯುತ್ ಹರಿಯುತ್ತಲೇ ಇತ್ತು. ಮೈ ತಾಗಿದರೆ ಅಪಾಯ. ಒಳಗೆ ಕೂತ ಸ್ಟೆಫನಿ ವಿಲ್ಸನ್ ಮತ್ತು ಡ್ಯಾನ್ ಟಾನಿ ಆ ಕೈಯನ್ನು ಮೆಲ್ಲಗೆ ನಡೆಸಿದರು. ಹರಿದ ಕಡೆ ಪರಾಜಿನ್ಸ್ಕಿ ಐದು ತಂತಿಗುಂಡಿ ಹಾಕಿದರು. ಆ ತಂತಿಗುಂಡಿಗಳನ್ನೂ ನಿಲ್ದಾಣದಲ್ಲೇ, ಇದ್ದ ಸಾಮಾನಿನಲ್ಲೇ ಮಾಡಿಕೊಂಡಿದ್ದರು. ಏಳು ಗಂಟೆಗೂ ಮೀರಿದ ಆ ಕೆಲಸ ಗೆದ್ದಿತು.

ಚೀಲ ಹೊರುವವನ ಬೆನ್ನ ಹಿಂದೆ ಕೈ ಕೊಡುವವನೊಬ್ಬ ಇರುತ್ತಾನೆ. ಅವನು ಬೇಗ ಬಿಟ್ಟರೆ ಹೊತ್ತವನ ಸೊಂಟ ಹೋಯಿತು. ಬಾಹ್ಯಾಕಾಶದಲ್ಲೂ ಹಾಗೆಯೇ: ಹೊರಗಿನವರ ಪ್ರಾಣ ಒಳಗಿನವರ ಬೆರಳಲ್ಲಿ.

ನಮ್ಮ ಇಸ್ರೋ ಕೂಡ ಇಂಥ ಕೈ ಮಾಡಿದೆ. ತಿರುವನಂತಪುರದಲ್ಲಿ ತಯಾರಾದ ಏಳು ಕೀಲಿನ ನಡೆಯುವ ಕೈ, 2024ರ ಡಿಸೆಂಬರ್ 30ರಂದು ಪಿಎಸ್‌ಎಲ್‌ವಿ-ಸಿ60 ರಾಕೆಟ್ಟಿನಲ್ಲಿ ಹೋಗಿ, 2025ರ ಜನವರಿಯಲ್ಲಿ ಬಾಹ್ಯಾಕಾಶದಲ್ಲಿ ಕೈಯಾಡಿಸಿತು. 2035ರ ಹೊತ್ತಿಗೆ ಭಾರತದ್ದೇ ನಿಲ್ದಾಣ ಕಟ್ಟುವ ಗುರಿಯಿದೆ.

ಆಗ ಹೊರಗೆ ಇಳಿದವರ ಹೆಸರು ಎಲ್ಲ ಪೇಪರಿನಲ್ಲೂ ಬರುತ್ತದೆ. ಮಕ್ಕಳೇ, ಒಳಗೆ ಕೂತು ಕೈ ನಡೆಸಿದವರು ಯಾರೆಂದೂ ಹುಡುಕಿ ಓದಿ.