ಕಾಗೆಬಂಗಾರದ ಗುಡ್ಡ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಗ್ರಾಫ್ಟನ್‌ನಲ್ಲಿ, ಗುಡ್ಡದ ಮೇಲೆ ರಗಲ್ಸ್ ಎಂಬ ಹಳೇ ಗಣಿ ಇದೆ. 1803ರಲ್ಲಿ ಸ್ಯಾಮ್ ರಗಲ್ಸ್ ಅಲ್ಲಿ ಕಾಗೆಬಂಗಾರ ಅಗೆಯತೊಡಗಿದ. ಗುಟ್ಟು ರಟ್ಟಾದೀತೆಂದು ಮಾಲನ್ನು ಇಂಗ್ಲೆಂಡಿನ ನೆಂಟರಿಗೆ ಕಳಿಸಿ ಮಾರಿಸುತ್ತಿದ್ದನಂತೆ. ಘಾಟಿ ಆಸಾಮಿ! ಪದರ ಪದರವಾಗಿ ಏಳುವ, ಬೆಳಕು ಹಾಯಲು ಬಿಡುವ, ಬೆಂಕಿಗೆ ಜಗ್ಗದ ಆ ಹಾಳೆ ಒಲೆಯ ಕಿಂಡಿಗೆ, ಲಾಂದ್ರಕ್ಕೆ ಹೇಳಿಮಾಡಿಸಿದಂತಿತ್ತು. ಆಮೇಲೆ ಬಾನ್ ಅಮಿ ಕಂಪನಿ ಅಲ್ಲೇ ಫೆಲ್ಡ್‌ಸ್ಪಾರ್ ಎಂಬ ಖನಿಜ ತೆಗೆಯಿತು, ಸಿಂಕು ಉಜ್ಜುವ ಪುಡಿಗೆ. ಕ್ವಾರ್ಟ್ಜ್‌ಗಿಂತ ಮೆದು, ಗೀರು ಬೀಳುವುದು ಕಮ್ಮಿ.

1963ರಿಂದ ಪ್ರವಾಸಿಗರ ಸರದಿ. ಟಿಕೆಟ್ ಕೊಂಡು ಸುತ್ತಿಗೆಯಲ್ಲಿ ಕುಟ್ಟಿದರೆ, ಸಿಕ್ಕಿದ ಕಲ್ಲು ಅವರದೇ ಆಗುತ್ತಿತ್ತು. ಅತಿನೇರಳೆ ದೀಪ ಹಿಡಿದರೆ ಹಳದಿ-ಹಸಿರಾಗಿ ಹೊಳೆಯುವ ಯುರೇನಿಯಂ ಖನಿಜವೂ ಅಲ್ಲಿತ್ತು. 2016ರಲ್ಲಿ ಗೇಟು ಮುಚ್ಚುವಷ್ಟರಲ್ಲಿ ಮಕ್ಕಳ ಜೇಬಲ್ಲಿ ಅದೆಷ್ಟು ಮನೆ ಸೇರಿತ್ತೋ!