ಪ್ಲೂಟೊ, ಕಾಳಿಂಗ ಮತ್ತು ನಮ್ಮೂರಿನ ಮೂರು ಪ್ರಶ್ನೆಗಳು

ಕಾಳಿಂಗ ಸರ್ಪ ಒಂದಲ್ಲ, ನಾಲ್ಕು ಬಗೆ ಎಂದು 2024ರ ಅಕ್ಟೋಬರ್‌ನಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಬೇರೆಯೇ ಹೆಸರು ಸಿಕ್ಕಿತು. ನಮ್ಮ ಕೊಕ್ಕಡ ಪೇಟೆಯಲ್ಲಿ ಸಿಕ್ಕಿದವರಿಗೆಲ್ಲ ನಾನು ಈ ಸುದ್ದಿ ಹೇಳಿದೆ. ಸುದ್ದಿ ಬರೆಯುವವನಿಗೆ ಬರೆದದ್ದಕ್ಕಿಂತ ಕೇಳಿಸಿಕೊಂಡದ್ದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ರಿಕ್ಷಾ ಸ್ಟ್ಯಾಂಡಿನಲ್ಲಿ ಒಬ್ಬರು ನಕ್ಕರು. “ಹಾವು ಅದೇ ಉಂಟಲ್ಲ ಮಾರಾಯ್ರೆ, ಹೆಸರು ಬದಲಾದ್ರೆ ಕಚ್ಚುದು ಬಿಡ್ತದಾ?”

ಚಾ ಕುಡಿಯುತ್ತಿದ್ದ ಕಾಲೇಜು ಹುಡುಗ ಕೇಳಿದ. “ಹಾಗಾದ್ರೆ ಅಣ್ಣ, ನಾವು ಇಷ್ಟು ದಿನ ಕಲಿತದ್ದು ಸುಳ್ಳಾ?”

ಪಕ್ಕದಲ್ಲಿದ್ದ ಹಿರಿಯ ಕೃಷಿಕರು ನಗಲಿಲ್ಲ. “ಎಂಡೋಸಲ್ಫಾನನ್ನೂ ಮೊದಲು ಮದ್ದು ಅಂತಲೇ ಹೇಳಿದ್ದಲ್ವಾ?” ಎಂದರು.

ಮೂರೂ ಸರಿಯಾದ ಪ್ರಶ್ನೆಗಳೇ. ಒಂದೊಂದಾಗಿ ನೋಡೋಣ.

ಗುರುತಿನ ವಸ್ತುವಿನ ಪಟ್ಟಿ ಬದಲಾದಾಗ ಜನ ಮುನಿಸಿಕೊಳ್ಳುವುದು ಹೊಸತಲ್ಲ. 1930ರಲ್ಲಿ ಕಂಡುಹಿಡಿದ ಪ್ಲೂಟೊ ನಮ್ಮ ಶಾಲಾ ಪುಸ್ತಕದಲ್ಲಿ ಒಂಬತ್ತನೇ ಗ್ರಹ. 2005ರಲ್ಲಿ ಸುಮಾರು ಅಷ್ಟೇ ದೊಡ್ಡ ಎರಿಸ್ ಎಂಬ ಇನ್ನೊಂದು ಕಾಯ ದೂರದಲ್ಲಿ ಸಿಕ್ಕಿತು. ಪ್ಲೂಟೊ ಗ್ರಹವಾದರೆ ಇದೂ ಗ್ರಹ, ನಾಳೆ ಸಿಗುವವೂ ಗ್ರಹ. ಹಾಗಾಗಿ 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಖಗೋಳ ವಿಜ್ಞಾನಿಗಳು ಕೈಯೆತ್ತಿ ಮತ ಹಾಕಿ ಪ್ಲೂಟೊವನ್ನು ಕುಬ್ಜ ಗ್ರಹಗಳ ಗುಂಪಿಗೆ ಸೇರಿಸಿದರು. ಅಮೆರಿಕದಲ್ಲಿ ದೊಡ್ಡ ಬೇಸರ. ಪ್ಲೂಟೊ ಕಂಡುಹಿಡಿದ ಕ್ಲೈಡ್ ಟಾಂಬೊ ನೆಲೆಸಿದ್ದ ನ್ಯೂ ಮೆಕ್ಸಿಕೊ ರಾಜ್ಯದ ಶಾಸನಸಭೆ, ನಮ್ಮ ಆಕಾಶದಲ್ಲಿ ಹಾದುಹೋಗುವಾಗ ಅದು ಗ್ರಹವೇ ಎಂದು 2007ರಲ್ಲಿ ನಿರ್ಣಯ ಮಾಡಿತು!

ನಮ್ಮಲ್ಲಿ ಅಂಥ ಗಲಾಟೆ ಆಗಲಿಲ್ಲ. ದೇವಸ್ಥಾನದ ನವಗ್ರಹಕ್ಕೆ ಸುತ್ತು ಬರುವವರಿಗೆ ಪ್ಲೂಟೊ ಮೊದಲೂ ಇರಲಿಲ್ಲ. ಅಲ್ಲಿ ಸೂರ್ಯ, ಚಂದ್ರ, ರಾಹು, ಕೇತು ಸೇರಿ ಒಂಬತ್ತು. ಆ ಲೆಕ್ಕವೇ ಬೇರೆ.

ಡೈನೋಸಾರ್ ಕಥೆ ಇನ್ನೂ ತಮಾಷೆ. ಉದ್ದ ಕುತ್ತಿಗೆಯ ಬ್ರಾಂಟೊಸಾರಸ್ ಎಂಬ ಹೆಸರು ಬಂದದ್ದು 1879ರಲ್ಲಿ. ಅದು ಅದಕ್ಕೂ ಮೊದಲೇ ಹೆಸರು ಪಡೆದ ಅಪಟೊಸಾರಸ್ಸೇ ಎಂದು 1903ರಲ್ಲಿ ಆ ಹೆಸರನ್ನು ಕೈಬಿಟ್ಟರು. ಜನ ಬಿಡಲಿಲ್ಲ. 1989ರಲ್ಲಿ ಅಮೆರಿಕದ ಅಂಚೆ ಇಲಾಖೆ ಹಳೇ ಹೆಸರಲ್ಲೇ ಸ್ಟಾಂಪ್ ತಂದಾಗ ತಕರಾರು ಎದ್ದಿತು. 2015ರಲ್ಲಿ ಎಲುಬುಗಳನ್ನು ಮತ್ತೆ ಹೋಲಿಸಿ ನೋಡಿದವರು, ಎರಡೂ ಬೇರೆಯೇ, ಬ್ರಾಂಟೊಸಾರಸ್ ಹೆಸರು ಇರಲಿ ಎಂದರು. ನೂರು ವರ್ಷ ದಾಟಿದ ಮೇಲೆ ತೀರ್ಪು ತಿರುಗಿತು.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲೇ ಉಂಟು. ಅವನು ಕಲಿತದ್ದು ಸುಳ್ಳಲ್ಲ. ಆಗ ಕೈಯಲ್ಲಿದ್ದ ಎಲುಬು, ಆಗಿನ ದುರ್ಬೀನು, ಅಷ್ಟಕ್ಕೆ ಅದು ಸರಿ. ಹೊಸ ಸಾಕ್ಷಿ ಬಂದಾಗ ಮಾತು ತಿದ್ದದಿದ್ದರೆ ಅದು ಸುಳ್ಳಾಗುತ್ತಿತ್ತು.

ಇನ್ನು ರಿಕ್ಷಾದವರ ಪ್ರಶ್ನೆ. ಪ್ಲೂಟೊ ಎಲ್ಲಿದ್ದರೂ ನಮ್ಮ ಅಡಿಕೆಗೆ ರೇಟು ಬದಲಾಗುವುದಿಲ್ಲ. ಆದರೆ ಕಾಳಿಂಗದ ವಿಷಯ ಹಾಗಲ್ಲ.

1836ರಲ್ಲಿ ಮೊದಲ ವಿವರಣೆ ಬಂದಂದಿನಿಂದ ಹೆಚ್ಚುಕಡಿಮೆ ಎಲ್ಲ ದೇಶಗಳ ಕಾಳಿಂಗಗಳನ್ನೂ ಒಂದೇ ಎಂದು ಲೆಕ್ಕ ಹಿಡಿದಿದ್ದರು. ಆಗುಂಬೆಯಲ್ಲಿ ಕಾಳಿಂಗಗಳ ಅಧ್ಯಯನ ಮಾಡುವ ಪಿ. ಗೌರಿಶಂಕರ್ ಅವರಿಗೆ 2005ರಲ್ಲಿ ಕಾಳಿಂಗವೇ ಕಚ್ಚಿತು. ಥಾಯ್ಲೆಂಡಿನ ಕಾಳಿಂಗಕ್ಕೆಂದು ತಯಾರಿಸಿದ ಮದ್ದು ಅವರಿಗೆ ಕೆಲಸ ಮಾಡಲಿಲ್ಲ. ಹೆಸರು ಒಂದೇ, ಮದ್ದು ಮಾತ್ರ ಯಾಕೆ ತಾಗುವುದಿಲ್ಲ? ಅಲ್ಲಿಂದ ಶುರುವಾದ ಹುಡುಕಾಟದಲ್ಲಿ ಬೇರೆ ಬೇರೆ ದೇಶದ ಹಾವುಗಳ ಡಿಎನ್ಎ, ಹುರುಪೆ, ಪಟ್ಟೆ ಎಲ್ಲವನ್ನೂ ಹೋಲಿಸಿದರು. ಘಟ್ಟದ ಕಾಳಿಂಗಕ್ಕೆ ಮೈಮೇಲಿನ ತಿಳಿ ಪಟ್ಟೆಗಳು 40 ಅಥವಾ ಅದಕ್ಕಿಂತ ಕಡಿಮೆ, ಆ ಪಟ್ಟೆಗೆ ಕಪ್ಪು ಅಂಚಿಲ್ಲ. ಉತ್ತರದ್ದಕ್ಕೆ ಕಪ್ಪು ಅಂಚು ಉಂಟು.

ನಮ್ಮ ಆಸ್ಪತ್ರೆಗಳಲ್ಲಿ ಹಾವು ಕಚ್ಚಿದವರಿಗೆ ಕೊಡುವ ಇಂಜೆಕ್ಷನ್ ತಯಾರಾಗುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಕಾಳಿಂಗ ಅದರಲ್ಲಿಲ್ಲ. ಅದು ಮನುಷ್ಯರಿಗೆ ಕಚ್ಚುವುದು ತೀರಾ ಅಪರೂಪ, ಅದರ ಊಟ ಬೇರೆ ಹಾವುಗಳು. ಆದರೆ ಮುಂದೆ ಯಾರಾದರೂ ಮದ್ದು ತಯಾರಿಸಹೊರಟರೆ ಯಾವ ಕಾಳಿಂಗದ ವಿಷ ತೆಗೆಯಬೇಕು ಎಂಬುದು ಈಗ ಗೊತ್ತು. ಒಂದು ಹೆಸರು ನಾಲ್ಕಾದರೆ ಒಂದೊಂದರ ಕಾಡೂ ಸಣ್ಣದಾಗುತ್ತದೆ, ಉಳಿಸಿಕೊಳ್ಳುವ ಲೆಕ್ಕವೂ ಬೇರೆಯೇ ಹಾಕಬೇಕಾಗುತ್ತದೆ. ಕಚ್ಚುದು ಬಿಡಲಿಕ್ಕಿಲ್ಲ, ಆದರೆ ಹೆಸರಿನಿಂದ ಜೀವ ಉಳಿಯಬಹುದು.

ಇನ್ನೊಂದು ಸಂತೋಷದ ವಿಷಯ. ಘಟ್ಟದ ಹಾವಿಗೆ ಅವರು ಇಟ್ಟ ಹೊಸ ಹೆಸರು ಒಫಿಯೋಫಾಗಸ್ ಕಾಳಿಂಗ. ಲ್ಯಾಟಿನ್ ಪಟ್ಟಿಯೊಳಗೆ ನಮ್ಮ ಅಜ್ಜ ಅಜ್ಜಿಯರ ಮಾತು ಹೋಗಿ ಕೂತಿದೆ.

ಕೊನೆಯದು ಹಿರಿಯರ ಪ್ರಶ್ನೆ. ಇದು ಭಾರದ್ದು.

ಗೇರು ತೋಟಗಳ ಟೀ ಸೊಳ್ಳೆಗೆಂದು 1980ರ ದಶಕದಲ್ಲಿ ನಮ್ಮ ಊರುಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದದ್ದು ಕೊಕ್ಕಡ, ಪಟ್ರಮೆ ಕಡೆಯ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಅದಕ್ಕೂ ಪಟ್ಟಿ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ‘ಮಧ್ಯಮ ಅಪಾಯ’, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ‘ಹೆಚ್ಚು ಅಪಾಯ’. ವಿಷ ಒಂದೇ, ಗುಂಪು ಎರಡು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಅದನ್ನು ನಿಲ್ಲಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಮರುತಿಂಗಳು ಸುಪ್ರೀಂ ಕೋರ್ಟ್ ನಿಷೇಧಿಸಿತು. ಅಷ್ಟರಲ್ಲಿ ಇಲ್ಲಿ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳು ಯುವಕರಾಗಿದ್ದರು. ಅವರಿಗಾಗಿ ಪಾಲನಾ ಕೇಂದ್ರವೇ ಬೇಕಾಯಿತು.

ಹಿರಿಯರ ಸಿಟ್ಟು ವಿಜ್ಞಾನ ಮಾತು ಬದಲಾಯಿಸಿದ್ದಕ್ಕಲ್ಲ ಎಂದು ನನಗನ್ನಿಸುತ್ತದೆ. ಬದಲಾಯಿಸಲು ಇಷ್ಟು ತಡ ಮಾಡಿದ್ದಕ್ಕೆ. ಪ್ಲೂಟೊ ಎಪ್ಪತ್ತಾರು ವರ್ಷ ತಪ್ಪು ಸಾಲಿನಲ್ಲಿ ನಿಂತರೆ ಯಾರಿಗೂ ನೋವಿಲ್ಲ. ವಿಷ ಒಂದು ವರ್ಷ ತಪ್ಪು ಸಾಲಿನಲ್ಲಿ ನಿಂತರೂ ಯಾರದೋ ಮನೆಯಲ್ಲಿ ಮಗು ಮಲಗಿಬಿಡುತ್ತದೆ. ಸಾಕ್ಷಿ ಪ್ರಯೋಗಾಲಯದಲ್ಲಿ ಮಾತ್ರ ಇರಲಿಲ್ಲ, ನಮ್ಮ ತಾಯಂದಿರ ಬಾಯಲ್ಲೂ ಇತ್ತು. ಅದನ್ನು ಬರೆದುಕೊಳ್ಳುವವರು ಬೇಕಿತ್ತು.

ಹಾಗಾಗಿ ‘ವಿಜ್ಞಾನಿಗಳು ಮತ್ತೆ ಮಾತು ಬದಲಿಸಿದರು’ ಎಂಬ ಸುದ್ದಿ ಮೊಬೈಲಿಗೆ ಬಂದಾಗ ನಕ್ಕು ಫಾರ್ವರ್ಡ್ ಮಾಡುವ ಮೊದಲು ಎರಡು ಮಾತು ಕೇಳಿ. ಯಾವ ಹೊಸ ಸಾಕ್ಷಿಯಿಂದ ಬದಲಾಯಿತು? ಅದರಿಂದ ನಮ್ಮ ತೋಟ, ನೀರು, ಆಸ್ಪತ್ರೆಯಲ್ಲಿ ಏನು ಬದಲಾಗಬೇಕು? ಎರಡನೆಯದಕ್ಕೆ ಉತ್ತರ ಇದ್ದರೆ ಅದು ಬರೀ ಹೆಸರಿನ ಸುದ್ದಿಯಲ್ಲ. ಪಂಚಾಯತ್ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ ಸುದ್ದಿ.